ಕೆರೆಯ ಗೋಡು ಮತ್ತು ಬ್ಯಾಕ್ಟೀರಿಯ

ಹೊಳೆಯ ನೀರು ತಿಳಿಯಾಗಿದೆಯೆ, ಕದಡಿದೆಯೆ ಎಂದು ನಾವು ನೋಡುತ್ತೇವೆ. ಅದರ ತಳದ ಕೆಸರನ್ನು ಕುರಿತು ಯೋಚಿಸುವುದು ಅಪರೂಪ. ಆದರೆ ಒಂದು ಗ್ರಾಂ ಕೆಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಉದುರಿದ ಎಲೆಯನ್ನೂ ಸತ್ತ ಜೀವಿಗಳನ್ನೂ ಕೊಳೆಯಿಸಿ, ಗಿಡಗಳು ಮತ್ತೆ ಬಳಸಬಲ್ಲ ಸಾರವನ್ನಾಗಿ ಮಾಡುವ ಕೆಲಸ ಇವುಗಳದು. ಎಲ್ಲಿ ಯಾವ ಬಗೆಯವು ನೆಲಸಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಸಂಗತಿಗಳು ಎರಡು: ಕೆಸರಿನ ಕಣ, ಮತ್ತು ಅದಕ್ಕೆ ಬಂದು ಸೇರುವ ಕಲ್ಮಷ.

ಮೊದಲು ಕಣದ ಮಾತು. ರಾಮನಗರದ ಸುತ್ತಣ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಯವು. ಊರಿನ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಈ ಶಿಲೆ ಶಿಥಿಲವಾದಾಗ ಅದರೊಳಗಿನ ಬೆಣಚು ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗುತ್ತದೆ. ಅರ್ಕಾವತಿ ವೇಗವಾಗಿ ಹರಿಯುವೆಡೆ ಮರಳು ನಿಲ್ಲುತ್ತದೆ. ಮಾಗಡಿ ಸೀಮೆಯ ಮಂಚನಬೆಲೆ, ಚನ್ನಪಟ್ಟಣದ ಕಣ್ವಾ ಮುಂತಾದ ಜಲಾಶಯಗಳ ನಿಂತ ನೀರಿನಲ್ಲಿ ಜೇಡಿ ತಳಕ್ಕಿಳಿಯುತ್ತದೆ.

ಮರಳಿನ ಸಂದುಗಳಲ್ಲಿ ನೀರು ಆಡುವುದರಿಂದ ಅಲ್ಲಿಗೆ ಆಮ್ಲಜನಕ ದೊರೆಯುತ್ತದೆ. ಜೇಡಿಯ ಕಣವಾದರೋ 0.002 ಮಿಲಿಮೀಟರಿಗಿಂತಲೂ ಚಿಕ್ಕದು. ಅದು ಒತ್ತಾಗಿ ಕೂಡುತ್ತದೆ. ಆಮ್ಲಜನಕ ಅದರೊಳಗೆ ಕೆಲವೇ ಮಿಲಿಮೀಟರು ಇಳಿಯಬಲ್ಲುದು. ಅದರ ಕೆಳಗೆ, ಆಮ್ಲಜನಕದ ಬದಲು ನೈಟ್ರೇಟ್, ಕಬ್ಬಿಣ, ಸಲ್ಫೇಟ್‌ಗಳನ್ನು ಬಳಸಿ ಬದುಕುವ ಬ್ಯಾಕ್ಟೀರಿಯಗಳು ಪದರಪದರವಾಗಿ ನೆಲಸುತ್ತವೆ. ಇನ್ನೂ ಆಳದಲ್ಲಿ ಮೀಥೇನ್ ಅನಿಲವನ್ನು ಹೊರಬಿಡುವ ಸೂಕ್ಷ್ಮಜೀವಿಗಳಿವೆ.

ಇನ್ನು ಕಲ್ಮಷ. ಬೆಂಗಳೂರಿನ ಚರಂಡಿಯ ನೀರನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಬರುವ ವೃಷಭಾವತಿ ದಶಕಗಳ ಕಾಲ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ತುಂಬಿದೆ. ಅದು ಕೂಡುವ ಅರ್ಕಾವತಿಯೇ ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಇಂಥ ನೀರಿನಲ್ಲಿ ಕೊಳೆಯುವ ವಸ್ತು ಹೆಚ್ಚಾದಾಗ ಬ್ಯಾಕ್ಟೀರಿಯಗಳು ಆಮ್ಲಜನಕವನ್ನೆಲ್ಲ ಬೇಗನೆ ಮುಗಿಸುತ್ತವೆ. ಆಗ ಸಲ್ಫೇಟನ್ನು ಬಳಸುವವುಗಳ ಕೈ ಮೇಲಾಗುತ್ತದೆ. ಕೊಳೆತ ಮೊಟ್ಟೆಯ ನಾತ ಇವು ಹುಟ್ಟಿಸುವ ಅನಿಲದ್ದು. ಕೆಸರಿನ ಕಪ್ಪು ಬಣ್ಣ ಆ ಅನಿಲ ಕಬ್ಬಿಣದೊಡನೆ ಕೂಡಿದ್ದರ ಫಲ. ಕ್ರೋಮಿಯಂ, ಸತು, ಸೀಸ ಮುಂತಾದ ಲೋಹಗಳಿದ್ದರೆ ಅವನ್ನು ತಾಳಬಲ್ಲ ಬ್ಯಾಕ್ಟೀರಿಯಗಳು ಉಳಿದು, ತಾಳಲಾರದವು ಅಳಿಯುತ್ತವೆ. ಲೋಹವನ್ನು ತಾಳುವ ಗುಣವೂ ಔಷಧಕ್ಕೆ ಬಗ್ಗದ ಗುಣವೂ ಎಷ್ಟೋ ವೇಳೆ ಜೊತೆಯಾಗಿಯೇ ಒಂದರಿಂದೊಂದಕ್ಕೆ ಸಾಗುತ್ತವೆ.

ಇದು ನಮ್ಮ ಹೊಲದ ಪ್ರಶ್ನೆಯೂ ಹೌದು. ಬೇಸಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ ಪದ್ಧತಿ. ಸಾರವನ್ನು ಹಿಡಿದಿಡುವ ಜೇಡಿಯ ಗುಣವೇ ಆ ಫಲವತ್ತತೆಗೆ ಒಂದು ಕಾರಣ. ಆದರೆ ಅದೇ ಗುಣದಿಂದ ಜೇಡಿ ಲೋಹವನ್ನೂ ಹಿಡಿದಿಡುತ್ತದೆ. ಕೆರೆಯ ತಳದಲ್ಲಿ ಹಲವು ಲೋಹಗಳು ಗಂಧಕದೊಡನೆ ಬಂಧಿತವಾಗಿ ಬಹುಮಟ್ಟಿಗೆ ಸುಮ್ಮನಿರುತ್ತವೆ. ಗೋಡನ್ನು ಅಗೆದು ಗಾಳಿಗೆ ಹರಡಿದರೆ ಬೇರೆ ಬ್ಯಾಕ್ಟೀರಿಯಗಳು ಎಚ್ಚರಗೊಳ್ಳುತ್ತವೆ. ಗಂಧಕದ ಸಂಯುಕ್ತವನ್ನು ಆಮ್ಲಜನಕದೊಡನೆ ಕೂಡಿಸಿ, ಅದರಿಂದ ದೊರೆವ ಶಕ್ತಿಯಿಂದ ಬದುಕುವ ಇಂಥ ಜೀವಿಗಳುಂಟೆಂದು 1887ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟನು. ಅವು ಆ ಬಂಧವನ್ನು ಬಿಡಿಸಿದಾಗ ಲೋಹ ಪೈರಿನ ಬೇರಿಗೆ ಎಟಕುವಂತಾಗುತ್ತದೆ.

ಆದ್ದರಿಂದ ಮಳೆಯ ನೀರು ಮಾತ್ರ ಬೀಳುವ ಹಳ್ಳಿಯ ಕೆರೆಯ ಗೋಡನ್ನೂ ನಗರದ ಹೊಲಸನ್ನುಂಡ ಕೆರೆಯ ಗೋಡನ್ನೂ ಒಂದೇ ಎಂದು ಎಣಿಸಲಾಗದು. ಎರಡನೆಯದನ್ನು ಲೋಹಗಳಿಗಾಗಿ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು. ಹೂಳೆತ್ತುವ ಮುನ್ನ, ಎತ್ತಿದ ಹೂಳನ್ನು ಎಲ್ಲಿ ಹಾಕುವುದೆಂಬುದೂ ನಿಶ್ಚಯವಾಗಿರಬೇಕು.