ಗ್ರೂಮ್ಶನ ಕುಲದವಳು ಕೊರೆಲಾನ್ ಗುಡಿಗೆ

ಪ್ರೀತಿಯ ಪುಟ್ಟೀ,

ಆಟದಲ್ಲಿನ ನಿನ್ನ ಆರ್ಕ್ ಹುಡುಗಿ ಎಲ್ಫ್‌ಗಳ ದೇವರು ಕೊರೆಲಾನ್‌ಗೆ ನಡೆದುಕೊಳ್ಳುತ್ತೇನೆ ಅಂದಳಂತೆ. ಆರ್ಕ್‌ಗೆ ಗ್ರೂಮ್ಶನನ್ನು ಬಿಟ್ಟು ಬೇರೆ ದೇವರಿಲ್ಲ ಎಂದು ಆಟ ನಡೆಸುವ ನಿಮ್ಮ ಡಿಎಂ ಪುಸ್ತಕ ಮುಚ್ಚಿದನಂತೆ. ಫೋನಿನಲ್ಲಿ ನೀನು ಅಷ್ಟು ಸಿಟ್ಟಾಗಿದ್ದರೂ ನನಗೆ ಒಳಗೊಳಗೇ ಖುಷಿ. ಇಂಥ ಜಗಳವನ್ನು ಅತ್ತೆಯ ಹತ್ತಿರ ತರಬಹುದು ಅಂತ ಮನೆಯಲ್ಲಿ ಒಬ್ಬಳಿಗಾದರೂ ಅನ್ನಿಸಿತಲ್ಲ!

ಪಾಪ, ಆ ಹುಡುಗ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಹಿಂದಿನಿಂದಲೂ ಕುಲಕ್ಕೊಂದು ದೇವರು. ಡ್ವಾರ್ಫ್‌ಗಳಿಗೆ ಮೊರಾಡಿನ್, ಹಾಫ್ಲಿಂಗ್‌ಗಳಿಗೆ ಯೊಂಡಾಲ್ಲಾ, ನೆಲದಡಿಯ ಡ್ರೌಗಳಿಗೆ ಜೇಡರಾಣಿ ಲೋಲ್ತ್. ಬೇಕಾದ ದೇವರನ್ನು ಆರಿಸಿಕೊಳ್ಳುವ ಸಲೀಸು ಮನುಷ್ಯರಿಗೆ ಮಾತ್ರ. ಬರೆದವರು ಮನುಷ್ಯರೇ ತಾನೇ. ಆದರೆ 2024ರ ಆಟಗಾರರ ಕೈಪಿಡಿಯಲ್ಲಿ 'ರೇಸ್' ಹೋಗಿ 'ಸ್ಪೀಷೀಸ್' ಬಂದಿದೆ, ಆರ್ಕ್ ಕೂಡ ಅದರಲ್ಲೇ ಸೇರಿದೆ, ಇಂಥ ಕುಲದವರು ಹುಟ್ಟಾ ಕೆಟ್ಟವರು ಎಂಬ ಹಣೆಪಟ್ಟಿ ಇಲ್ಲ. ಅಲ್ಲಿಗೆ ನಿಯಮದ ತಂಟೆ ಮುಗಿಯಿತು. ಕತೆಯ ತಂಟೆ ಉಳಿದಿದೆ, ನಿನಗೆ ಬೇಕಾದದ್ದೂ ಅದೇ.

ಗ್ರೂಮ್ಶನಿಗೆ ಒಂದೇ ಕಣ್ಣು ಯಾಕೆ? ಕೊರೆಲಾನ್ ಜೊತೆಗಿನ ಕಾಳಗದಲ್ಲಿ ಇನ್ನೊಂದನ್ನು ಕಳೆದುಕೊಂಡ ಅನ್ನುತ್ತಾರೆ ಎಲ್ಫ್‌ಗಳು. ಆರ್ಕ್ ಪೂಜಾರಿಗಳು ಒಪ್ಪುವುದಿಲ್ಲ. ನಮ್ಮ ಒಡೆಯನಿಗೆ ಮೊದಲಿನಿಂದಲೂ ಒಂದೇ ಕಣ್ಣು. ದೇವರುಗಳೆಲ್ಲ ಚೀಟಿ ಎತ್ತಿ ಕಾಡು, ಬೆಟ್ಟ, ಬಯಲು ಹಂಚಿಕೊಂಡು ಅವನಿಗೆ ಏನೂ ಉಳಿಸದೆ ಮೋಸ ಮಾಡಿದರು, ಅವನ ಸಿಟ್ಟಿಗೆ ಅದೇ ಮೂಲ ಅನ್ನುತ್ತಾರೆ. ನಿನ್ನ ಹುಡುಗಿ ಈ ಎರಡನೇ ಕತೆ ಕೇಳುತ್ತ ಬೆಳೆದವಳು. ಎಲ್ಫ್‌ಗಳ ಗುಡಿಯಲ್ಲಿ ಮೊದಲನೆಯದನ್ನು ವಿಜಯದ ಹಾಡಾಗಿ ಹಾಡುತ್ತಿರುವಾಗ ಅವಳು ದನಿ ಸೇರಿಸುತ್ತಾಳೋ, ನೆಲ ನೋಡುತ್ತ ನಿಲ್ಲುತ್ತಾಳೋ?

ಇನ್ನೂ ಒಂದಿದೆ. ನಮ್ಮಲ್ಲಿ ಮನೆದೇವರನ್ನು ಬಿಡದೆಯೇ ಇಷ್ಟದೇವರನ್ನು ಇಟ್ಟುಕೊಳ್ಳಬಹುದು. ಆಟದ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲೂ ಸಾಮಾನ್ಯರು ಹತ್ತು ದೇವರಿಗೆ ಕೈ ಮುಗಿಯುತ್ತಾರೆ, ಆದರೆ ಸತ್ತ ಮೇಲೆ ಫ್ಯೂಗ್ ಬಯಲಿನಲ್ಲಿ ಕಾದು ನಿಂತವರನ್ನು ಅವರವರ ದೇವರ ದೂತರೇ ಬಂದು ಕರೆದೊಯ್ಯಬೇಕು. ಅವಳ ಅವ್ವ, ಅಣ್ಣಂದಿರು ಗ್ರೂಮ್ಶನ ಕೊನೆಯಿಲ್ಲದ ರಣರಂಗಕ್ಕೆ, ಇವಳು ಕೊರೆಲಾನ್‌ನ ಅರ್ವಾಂಡೋರಿನ ಕಾಡಿಗೆ. ಅಲ್ಲಿಗೆ ಮುಗಿಯಿತು, ಮತ್ತೆ ಮುಖ ನೋಡುವ ಹಾಗಿಲ್ಲ. ಇದು ಗೊತ್ತಿದ್ದೂ ಅವಳು ಹೋಗುತ್ತಾಳೆ ಅಂತಾದರೆ ನಿನ್ನ ಪರವಾಗಿ ನಿಮ್ಮ ಡಿಎಂ ಜೊತೆ ನಾನೇ ಜಗಳಕ್ಕಿಳಿಯುತ್ತೇನೆ.

ಲೋಲ್ತ್‌ಳನ್ನು ಬಿಟ್ಟುಬಂದ ಡ್ರೌ ಡ್ರಿಜ್ಟನ ಉದಾಹರಣೆ ಕೊಟ್ಟಿದ್ದೆ ನೀನು. 'ಸೋಜರ್ನ್' ಕಾದಂಬರಿಯಲ್ಲಿ ಕುರುಡ ಮೊಂಟೋಲಿಯೋ ಕಾಡಿನ ದೇವಿ ಮೀಲಿಕಿಯ ವಿಷಯ ಹೇಳುವ ಹೊತ್ತಿಗೆ ಆ ಡ್ರೌ ಆಗಲೇ ಅವಳ ಭಕ್ತನ ಹಾಗೆ ಬದುಕುತ್ತಿದ್ದ. ಓದಲು ಹಿತ, ನನಗೆ ಸ್ವಲ್ಪ ಸಪ್ಪೆ. ನನ್ನನ್ನು ಹಿಡಿದಿಟ್ಟವಳು 'ಬಾಲ್ಡರ್ಸ್ ಗೇಟ್' ಕಂಪ್ಯೂಟರ್ ಆಟದ ಡ್ರೌ ವಿಕೋನಿಯಾ. ಆ ಆಟ ಬಂದದ್ದು 1998ರಲ್ಲಿ, ಎರಡನೇ ಭಾಗ 2000ದಲ್ಲಿ. ನಿನ್ನಪ್ಪ ಬೈದರೂ ರಾತ್ರಿಯಿಡೀ ಆಡುತ್ತಿದ್ದೆ. ಹಸುಗೂಸನ್ನು ಲೋಲ್ತ್‌ಗೆ ಬಲಿ ಕೊಡಲಾರೆ ಅಂದದ್ದಕ್ಕೆ ವಿಕೋನಿಯಾಳ ಮನೆತನವೇ ಹಾಳಾಯಿತು. ಅವಳನ್ನು ಉಳಿಸಿದ ಒಡಹುಟ್ಟಿದವನು ಅರ್ಧ ಜೇಡವಾದ. ಮೇಲಿನ ಲೋಕಕ್ಕೆ ಓಡಿಬಂದವಳು ಕತ್ತಲೆಯ ಶಾರ್ ದೇವಿಯನ್ನು ಹಿಡಿದಳು. ಕುಲ ಮೀರಿ ಬಂದ ಭಕ್ತೆಯೇನೋ ಹೌದು, ಆದರೆ ಒಬ್ಬ ಕ್ರೂರ ಒಡತಿಯ ಮನೆಯಿಂದ ಇನ್ನೊಬ್ಬಳ ಮನೆಗೆ.

2023ರ ಮೂರನೇ ಭಾಗದಲ್ಲಿ ಅವಳನ್ನು ಮತ್ತೆ ಕಂಡಾಗ ಎದೆ ಧಸಕ್ಕೆಂದಿತು. ಅಂದು ಕೂಸನ್ನು ಕೊಲ್ಲಲಾರದವಳು ಇಂದು ಶಾರ್ ಮಠದ ಯಜಮಾನಿ. ಶಾರ್‌ಳ ವೈರಿ ಸೆಲೂನೆ ದೇವಿಯ ಭಕ್ತರ ಮಗಳಾದ ಹಾಫ್-ಎಲ್ಫ್ ಹುಡುಗಿಯೊಬ್ಬಳನ್ನು ಕದ್ದು ತಂದು, ನೆನಪು ಅಳಿಸಿ, ಶ್ಯಾಡೋಹಾರ್ಟ್ ಮಾಡಿ ಬೆಳೆಸಿದ್ದಾಳೆ. ಆ ಹುಡುಗಿ ಶಾರ್‌ಳನ್ನು ಬಿಟ್ಟು ತಿರುಗಿ ಬರಬಹುದು. ಆದರೆ ಸೆರೆಯಲ್ಲಿರುವ ಅಪ್ಪ ಅಮ್ಮನನ್ನು ಬದುಕಿಸಿಕೊಂಡರೆ ಶಾರ್ ಕೊಟ್ಟ ಕೈಯ ನೋವು ಹೋಗುವುದಿಲ್ಲ. ಬಿಟ್ಟ ದೇವರು ಹಾಗೆ ಸುಮ್ಮನೆ ಬಿಡುವುದುಂಟೇ?

ಹಾಗಾಗಿ ಒಂದೇ ಸೆಷನ್‌ನಲ್ಲಿ ಮತಾಂತರ ಮುಗಿಸಬೇಡ. ಕ್ಲೆರಿಕ್ ಆಗುತ್ತೇನೆ ಅಂದ ಕೂಡಲೇ ಮಂತ್ರಗಳು ಫಲಿಸುವುದು ಬೇಡ ಅಂತ ಡಿಎಂಗೆ ನೀನೇ ಹೇಳು, ಅವನು ಅರ್ಧ ಕರಗುತ್ತಾನೆ. ಕನಸಿನಲ್ಲಿ ಒಕ್ಕಣ್ಣು ಬರಲಿ. ಜೊತೆಯ ಎಲ್ಫ್ ಪಾತ್ರ ಆಡುವವನಿಗೆ ಇವಳನ್ನು ಕಂಡರೆ ಇನ್ನೂ ಅನುಮಾನ ಇರಲಿ. ಅವಳು ಯಾಕೆ ಹೊರಟಳು ಅನ್ನುವುದನ್ನು ಮಾತ್ರ ನೀನೇ ಬರೆದುಕೋ, ಅದನ್ನು ಡೈಸ್‌ಗೆ ಬಿಡಬೇಡ.

ಗುಡಿಯ ಬಾಗಿಲಲ್ಲಿ ಕೂತ ಮುದಿ ಎಲ್ಫ್ ಪೂಜಾರಿಣಿಯ ಪಾತ್ರಕ್ಕೆ ಜನ ಬೇಕಾದರೆ ಭಾನುವಾರ ವೀಡಿಯೋ ಕಾಲ್ ಹಾಕು. ನಾನೇ ಆಡುತ್ತೇನೆ. ಸೊಸೆ ಅಂತ ಸಲೀಸಾಗಿ ಒಳಗೆ ಬಿಡುವವಳಲ್ಲ ನಾನು, ಉತ್ತರ ತಯಾರು ಮಾಡಿಕೊಂಡು ಬಾ.

ನಿನ್ನ ಅತ್ತೆ