ನಾಬ್ ತಿರುಗಲಿ, ಚೌಕಟ್ಟು ತಿರುಗದಿರಲಿ

ನನ್ನ ಮೊದಲ ಕಟ್ಟಿಗೆ ಕ್ಯಾಮೆರಾದಲ್ಲಿ ತಿದಿ ಬೆಳಕು ಸೋರಲಿಲ್ಲ, ಲೆನ್ಸೂ ಚಲೋ ಇತ್ತು. ಕೈಕೊಟ್ಟದ್ದು ನಾಬ್. ಮಬ್ಬುಗಾಜಿನ ಮೇಲೆ ಗೋಳಗುಮ್ಮಟವನ್ನು ಕೂದಲೆಳೆಯಷ್ಟು ಚೂಪಾಗಿ ಕೂಡಿಸಿ, ನಾಬ್ ಬಿಗಿದು, ಫಿಲ್ಮ್ ಹೋಲ್ಡರ್ ತುರುಕಿ ಚಿತ್ರ ತೆಗೆದೆ. ತೊಳೆದು ನೋಡಿದರೆ ಗುಮ್ಮಟ ಮಸುಕು, ಮುಂದಿನ ಹುಲ್ಲು ಸ್ಪಷ್ಟ.

ತಪ್ಪು ಎಷ್ಟು ಸಣ್ಣದೆಂದರೆ, 4×5 ಇಂಚಿನ ಫಿಲ್ಮಿಗೆ ಎಫ್ 5.6ರಲ್ಲಿ ಫೋಕಸ್ ಹಿಂದೆಮುಂದೆ ಸರಿಯಲು ಇರುವ ಜಾಗ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಹೋಲ್ಡರ್ ತುರುಕುವಾಗ ಬೀಳುವ ಕೈಯ ನೂಕಿಗೆ ಅಷ್ಟು ಸರಿಯುವುದು ದೊಡ್ಡ ಮಾತಲ್ಲ. ಹಾಗಾಗಿ ಕ್ಯಾಮೆರಾ ಮಾಡಲು ಹೊರಟವರು ನಾಬನ್ನು ಕೊನೆಗೆ ನೋಡೋಣ ಎಂದು ಬಿಡಬೇಡಿ. ಅದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.

ಹಂತ 1: ಏನೇನು ಬಿಗಿಯಬೇಕು, ಎಣಿಸಿ

ಮೊದಲ ಕ್ಯಾಮೆರಾಕ್ಕೆ ಮೂರು ಕಡೆ ಸಾಕು. ಲೆನ್ಸಿನ ಚೌಕಟ್ಟು ಮೇಲೆ ಕೆಳಗೆ ಸರಿಯುವಲ್ಲಿ ಎಡಕ್ಕೊಂದು, ಬಲಕ್ಕೊಂದು. ಫೋಕಸ್ ಹಲಗೆಗೆ ಒಂದು. ತಳದಲ್ಲಿ ಟ್ರೈಪಾಡಿನ ತಿರುಪು.

ಲೆನ್ಸ್ ಮೇಲೇರಿಸುವ ಸೌಕರ್ಯ ಬಿಡಬೇಡಿ, ವಿಜಯಪುರದಲ್ಲಂತೂ ಬಿಡಲೇಬೇಡಿ. ಕ್ಯಾಮೆರಾವನ್ನು ಆಕಾಶಕ್ಕೆ ಮುಖ ಮಾಡಿ ತೆಗೆದರೆ ಇಬ್ರಾಹಿಂ ರೋಜಾದ ಮಿನಾರುಗಳು ಒಂದಕ್ಕೊಂದು ವಾಲಿ ನಿಲ್ಲುತ್ತವೆ. ಕ್ಯಾಮೆರಾ ನೆಟ್ಟಗಿಟ್ಟು ಲೆನ್ಸನ್ನಷ್ಟೇ ಏರಿಸಿದರೆ ಗೋಡೆ ನೆಟ್ಟಗೆ ಬರುತ್ತದೆ. ಲೆಕ್ಕ ಹೀಗಿದೆ: 50 ಮೀಟರ್ ಎತ್ತರದ ಕಟ್ಟಡವನ್ನು 100 ಮೀಟರ್ ದೂರದಿಂದ 150 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ, ಕ್ಯಾಮೆರಾ ನಿಂತ ಎತ್ತರ ಕಳೆದು, ಅದರ ತುದಿ ನಡುಗೆರೆಯಿಂದ ಸುಮಾರು 73 ಮಿ.ಮೀ. ದೂರ ಬೀಳುತ್ತದೆ. ಉದ್ದಕ್ಕೆ ಹಿಡಿದ ಫಿಲ್ಮಿನ ಅರ್ಧ ಸುಮಾರು 60. ಉಳಿದ 13, ಮೇಲೆ ಒಂದಿಷ್ಟು ಆಕಾಶ, ಹೀಗೆ 20 ಮಿ.ಮೀ. ಏರಿಕೆ ಬೇಕು. ಚೌಕಟ್ಟಿನ ಎರಡೂ ಬದಿಯ ಕಂಬಗಳಲ್ಲಿ ನಾಬ್ ಕೂಡುವ ಸೀಳನ್ನು 60 ಮಿ.ಮೀ. ಉದ್ದ ಕೊರೆದರೆ ಕೆಳಗೂ ಮೇಲೂ ಆಡಲು ಜಾಗ ಉಳಿಯುತ್ತದೆ.

ಕದಲದ ಕ್ಯಾಮೆರಾದ ಚಿಂತೆ ಇಲ್ಲಿ ಹೊಸದಲ್ಲ. 1855ರಲ್ಲಿ ಥಾಮಸ್ ಬಿಗ್ಸ್ ಇಲ್ಲಿಯ ಕಟ್ಟಡಗಳನ್ನು ಕಾಗದದ ನೆಗೆಟಿವಿನ ಮೇಲೆ ತೆಗೆದ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆಹದೊಂದಿಗೆ 1866ರಲ್ಲಿ ಬಂದ ಬಿಜಾಪುರದ ವಾಸ್ತುಶಿಲ್ಪದ ಪುಸ್ತಕದಲ್ಲಿ ಆತನ ಚಿತ್ರಗಳಿವೆ. ಕಾಗದದ ನೆಗೆಟಿವ್ ಬೆಳಕು ಕುಡಿಯುವುದು ನಿಧಾನ. ಆ ಬಿಸಿಲಲ್ಲಿ, ಆ ಹೊತ್ತಿನುದ್ದಕ್ಕೂ ಆತನ ಕ್ಯಾಮೆರಾ ಕದಲದೆ ನಿಂತಿರಲೇಬೇಕು.

ಹಂತ 2: ತಿರುಪು ಆರಿಸಿ

ಎಂ6. ಹೆಚ್ಚು ಯೋಚಿಸಬೇಡಿ. 6 ಮಿ.ಮೀ. ದಪ್ಪ, ಒಂದು ಸುತ್ತಿಗೆ 1 ಮಿ.ಮೀ. ಮುಂದೆ. ವಿಜಯಪುರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ, ತಿಕೋಟಾ ಬಬಲೇಶ್ವರಗಳಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವರ ಡಬ್ಬಿಯಲ್ಲೂ ಇರುತ್ತದೆ. ಟ್ರೈಪಾಡಿನದು ಮಾತ್ರ ಬೇರೆ: ಕಾಲು ಇಂಚು, ಇಂಚಿಗೆ 20 ಎಳೆ. ಎಂ6 ಬೋಲ್ಟ್ ಅದರ ನಟ್ಟಿನೊಳಗೆ ಸಡಿಲಾಗಿ ಹೋಗಿ ಕೂತಂತೆ ಕಾಣುತ್ತದೆ, ಭಾರ ಬಿದ್ದಾಗ ಕಿತ್ತು ಬರುತ್ತದೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಬೇಡಿ.

ಹಂತ 3: ನಡುವಿನ ಪಟ್ಟಿ

ಇದೇ ಮುಖ್ಯ. ಮಸುಕಾದ ಚಿತ್ರ ಕಂಡ ಮೇಲೆ ನಾನು ನಾಬ್ ಇನ್ನೂ ಜೋರಾಗಿ ಬಿಗಿಯಲು ಹೋದೆ. ಬಿಗಿದಷ್ಟೂ ಕೊನೆಯ ಕಾಲು ಸುತ್ತಿನಲ್ಲಿ ಚೌಕಟ್ಟು ಸೊಟ್ಟಗಾಗುತ್ತಿತ್ತು. ಲೇತಿನ ಉಸ್ತಾದರು ಒಂದು ಸಲ ತಿರುಗಿಸಿ ನೋಡಿ ಹೇಳಿದರು: "ಸರ, ನೀವು ನಟ್ ಬಿಗಿಯಾಕತ್ತೀರಿ, ಅದರ ಸಂಗಟ ಕಟ್ಟಿಗಿನೂ ತಿರಗಾಕತ್ತೈತಿ. ನಡುವ ಒಂದ್ ಪಟ್ಟಿ ಹಾಕ್ರಿ, ತಿರಗೂದು ಪಟ್ಟಿ ಮ್ಯಾಲ ನಿಂತಬಿಡತೈತಿ."

ಆ ಪಟ್ಟಿ ಮಾಡುವುದು ಹೀಗೆ. 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ 20 ಮಿ.ಮೀ. ಅಗಲ, 40 ಮಿ.ಮೀ. ಉದ್ದದ ತುಂಡು ಕತ್ತರಿಸಿ. ಮೇಲ್ಭಾಗದಲ್ಲಿ 6.5 ಮಿ.ಮೀ. ತೂತು. ಕೆಳತುದಿಯನ್ನು ಎರಡೂ ಬದಿ ಕತ್ತರಿಸಿ ನಡುವೆ ಸಣ್ಣ ಕಿವಿಯಷ್ಟೇ ಉಳಿಸಿ, ಅದನ್ನು ಒಳಕ್ಕೆ ಲಂಬವಾಗಿ ಮಡಚಿ. ಕಟ್ಟಿಗೆಯ ಸೀಳು 7 ಮಿ.ಮೀ. ಅಗಲವಿದ್ದರೆ ಕಿವಿ 6.8 ಇರಲಿ. ಅರದಿಂದ ಉಜ್ಜುತ್ತ, ಸೀಳಿನಲ್ಲಿ ಜಾರಬೇಕು ಆದರೆ ಅಲುಗಾಡಬಾರದು ಅನ್ನುವಲ್ಲಿಗೆ ತನ್ನಿ. ಕಿವಿ ಸೀಳಿನಲ್ಲಿ ಸಿಕ್ಕಿಕೊಂಡಿರುವುದರಿಂದ ಪಟ್ಟಿ ತಿರುಗದು. ನಾಬ್ ಪಟ್ಟಿಯ ಮೇಲೆ ಉಜ್ಜುತ್ತದೆ, ಪಟ್ಟಿ ಕಟ್ಟಿಗೆಯನ್ನು ನೇರವಾಗಿ ಒತ್ತುತ್ತದೆ.

ಪಟ್ಟಿಗೂ ಕಟ್ಟಿಗೆಗೂ ನಡುವೆ ಹಳೆ ಬೆಲ್ಟಿನ ಚರ್ಮದ ತುಂಡು ಅಂಟಿಸಿದರೆ ಹಿಡಿತ ಹೆಚ್ಚು. ನಾಬಿಗೂ ಪಟ್ಟಿಗೂ ನಡುವೆ ಇದರ ತದ್ವಿರುದ್ಧ: ಅಲ್ಲಿ ನುಣುಪಾದ ನೈಲಾನ್ ವಾಶರ್ ಹಾಕಿ.

ಹಂತ 4: ನಾಬ್ ಮಾಡಿ

ಹಿತ್ತಾಳೆಯಲ್ಲಿ ಕಡೆಸಿ, ಅಂಚಿಗೆ ನರ್ಲಿಂಗ್ ಹಾಕಿಸಿದರೆ ಕಣ್ಣಿಗೆ ಹಬ್ಬ. ಆದರೆ ಮೊದಲ ಸಲಕ್ಕೆ ಅಡುಗೆಮನೆಗೆ ಹೋಗಿ. ಎಣ್ಣೆ ಕ್ಯಾನಿನ ಮುಚ್ಚಳದ ಅಂಚಿನಲ್ಲಿ ಗೆರೆಗೆರೆಯಾಗಿ ಹಿಡಿತ ತಯಾರಾಗಿಯೇ ಇರುತ್ತದೆ. 30ರಿಂದ 40 ಮಿ.ಮೀ. ಅಗಲದ್ದು ಬೇಕು. ಬೆರಳಿನ ಬಲ ಅಷ್ಟೇ ಇದ್ದು ನಾಬಿನ ಅಗಲ ಎರಡು ಪಟ್ಟಾದರೆ ತಿರುಚುವ ಬಲವೂ ಎರಡು ಪಟ್ಟಾಗುತ್ತದೆ. ಸಣ್ಣ ಚಿಟ್ಟೆ ನಟ್ಟಿನೊಂದಿಗೆ ಒದ್ದಾಡುವುದಕ್ಕಿಂತ ಇದು ಲೇಸು.

ಮುಚ್ಚಳವನ್ನು ಒಳಗಡೆ ಮರಳುಕಾಗದದಿಂದ ಉಜ್ಜಿ. ನಡುವೆ ಎಂ6 ಉದ್ದ ನಟ್, ಅಂಗಡಿಯವರ ಮಾತಿನಲ್ಲಿ ಕಪ್ಲಿಂಗ್ ನಟ್, ನಿಲ್ಲಿಸಿ. ಅದರಲ್ಲಿ ಎಣ್ಣೆ ಸವರಿದ ಬೋಲ್ಟ್ ಹಾಕಿಡಿ, ಇಲ್ಲದಿದ್ದರೆ ಅಂಟು ಒಳಗೆ ಇಳಿದು ಎಲ್ಲವೂ ಒಂದಾಗಿಬಿಡುತ್ತದೆ. ಸುತ್ತ ಎಂ-ಸೀಲ್ ನಾದಿ ತುಂಬಿ. ನಾಲ್ಕು ದಿಕ್ಕಿನಿಂದ ನೋಡಿ ಬೋಲ್ಟ್ ನೆಟ್ಟಗಿದೆಯೇ ಖಾತ್ರಿ ಮಾಡಿ, ಒಂದು ರಾತ್ರಿ ಬಿಡಿ. ಬೋಲ್ಟ್ ವಾಲಿದ್ದರೆ ನಾಬ್ ಒಂದೇ ಬದಿಗೆ ಒತ್ತುತ್ತದೆ, ಪಟ್ಟಿ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಫೋಕಸ್ ನಾಬನ್ನು ಬೇರೆ ಆಕಾರದಲ್ಲಿ ಮಾಡಿ, ಮೂರು ಮೂಲೆಯದಾದರೂ ಸರಿ. ಕರಿಬಟ್ಟೆ ಹೊದ್ದು ಮಬ್ಬುಗಾಜು ನೋಡುವಾಗ ಕೈಗೆ ಕಣ್ಣಿರುವುದಿಲ್ಲ.

ಹಂತ 5: ಕಟ್ಟಿಗೆಯಲ್ಲಿ ಕೂಡಿಸಿ

ಸಾಗವಾನಿಯಾದರೂ ನೇರವಾಗಿ ಕಟ್ಟಿಗೆಯಲ್ಲಿ ಥ್ರೆಡ್ ಕೊರೆಯಬೇಡಿ. ನಮ್ಮ ಬೇಸಿಗೆಗೆ ಕಟ್ಟಿಗೆ ಒಣಗಿ ಸೊರಗುತ್ತದೆ, ಎರೆಮಣ್ಣಿನ ಧೂಳು ಸೇರಿ ಥ್ರೆಡ್ ಸವೆಯುತ್ತದೆ. ಬೋಲ್ಟಿನ ತಲೆಯನ್ನು ಲೆನ್ಸ್ ಚೌಕಟ್ಟಿನ ಒಳಬದಿಯಲ್ಲಿ ವಾಶರ್ ಸಮೇತ ಹುದುಗಿಸಿ, ತುದಿ ಹೊರಗೆ ಬರಲಿ. ಆಗ ನಾಬ್ ಎಳೆದಷ್ಟೂ ತಲೆ ಕಟ್ಟಿಗೆಯೊಳಗೆ ಇನ್ನೂ ಗಟ್ಟಿಯಾಗಿ ಕೂಡುತ್ತದೆ. ಹೊರಬದಿಯಿಂದ ಕೂಡಿಸಿದರೆ ಪ್ರತಿ ಬಿಗಿತವೂ ಅದನ್ನು ಕೀಳುವ ಕೆಲಸವೇ.

ಹಂತ 6: ಪೆನ್ಸಿಲ್ ಪರೀಕ್ಷೆ

ನಾಬ್ ಸಡಿಲ ಬಿಟ್ಟು, ಚೌಕಟ್ಟಿನಿಂದ ಕಂಬದವರೆಗೆ ಎರಡೂ ಬದಿ ಚೂಪಾದ ಪೆನ್ಸಿಲಿನಿಂದ ಒಂದೊಂದು ಅಡ್ಡಗೆರೆ ಎಳೆಯಿರಿ. ಎಡ ಬಲ ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಬಿಗಿಯಿರಿ. ಬಿಗಿದಾಗಲೇ ಗೆರೆ ಮುರಿದರೆ ದೋಷ ಪಟ್ಟಿಯ ಕಿವಿಯಲ್ಲಿ, ಅದು ಸಡಿಲಾಗಿದೆ. ಮುರಿಯದಿದ್ದರೆ ಲೆನ್ಸ್ ಹಲಗೆಗೆ ಒಂದು ಕಿಲೋ ಸಕ್ಕರೆ ಚೀಲ ತೂಗುಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಮುರಿದಿದ್ದರೆ ಚರ್ಮ ಬದಲಿಸಿ. ಕೊನೆಗೆ ಭೂತಗನ್ನಡಿಯಿಂದ ಫೋಕಸ್ ಮಾಡಿ, ಹೋಲ್ಡರನ್ನು ಐದು ಸಲ ಹಾಕಿ ತೆಗೆದು, ಮತ್ತೆ ನೋಡಿ.

ಮೊದಲ ಪ್ರಯೋಗಕ್ಕೆ ಸ್ಮಾರಕದೊಳಗೆ ಟ್ರೈಪಾಡ್ ಹೊತ್ತುಕೊಂಡು ಹೋಗಬೇಡಿ, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ತಿಕೋಟಾ ಕಡೆ ಯಾರದಾದರೂ ದ್ರಾಕ್ಷಿ ತೋಟದ ಕಂಬಗಳ ಸಾಲು ಸಾಕು. ನೆಟ್ಟಗಿನ ಗೆರೆಗೆ ಬರವಿಲ್ಲ, ಸಾಲು ದೂರ ಹೋಗುವುದರಿಂದ ಫೋಕಸ್ ಎಲ್ಲಿ ಬಿತ್ತೆಂದು ಕಂಬ ಎಣಿಸಿ ಹೇಳಬಹುದು. ಚೀಲದಲ್ಲಿ ಒಂದು ಹೆಚ್ಚಿನ ನಾಬ್, 10 ನಂಬರಿನ ಪಾನಾ ಇರಲಿ.