ನಾಯಿಮರಿಗೆ ಕಲಿಸಬೇಕಾದ ಮೊದಲ ಪಾಠ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲೆಲ್ಲ ನಾಯಿಯೇ ಮೊದಲನೆಯದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಆಕಳು, ಕುರಿ, ಕುದುರೆಗಳು ಅವನ ಹಟ್ಟಿಯನ್ನು ಸೇರುವುದಕ್ಕಿಂತ ಬಹಳ ಮೊದಲೇ, ಇಂದಿಗೆ 14,000 ವರ್ಷಗಳಿಗೂ ಹಿಂದೆ, ಅದು ತೋಳದ ಕುಲದಿಂದ ಬೇರ್ಪಟ್ಟು ಅವನ ಬೆಂಕಿಯ ಬಳಿ ಬಂದು ಕುಳಿತಿತ್ತು. ಕನ್ನಡ ನಾಡಿನಲ್ಲಿಯೂ ಈ ಗೆಳೆತನ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ‘ಕಾಳಿ’ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಮಣಲೇರನೆಂಬ ವೀರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದ ಈ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಆ ಶಿಲೆಯು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಗಡಿಯ ಭಾಗಕ್ಕೆ ಬಂದರೆ, ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಬಯಲಿನಲ್ಲಿ ಕುರಿಗಾರರ ಹಿಂದೆ ನಾಯಿಯಿಲ್ಲದ ಹಿಂಡು ಅಪರೂಪ. ಕರ್ನಾಟಕದಲ್ಲಿ ಮುಧೋಳದ ನಾಯಿಯೆಂದು ಪ್ರಸಿದ್ಧವಾದ ಸಣ್ಣ ನಡುವಿನ, ಉದ್ದ ಕಾಲಿನ ತಳಿಯನ್ನು ಮಹಾರಾಷ್ಟ್ರದಲ್ಲಿ ‘ಕಾರವಾನಿ’ ಎಂದು ಕರೆಯುತ್ತಾರೆ. ಭಾರತದ ಅಂಚೆ ಇಲಾಖೆಯು 2005ರಲ್ಲಿ ದೇಶೀ ನಾಯಿಗಳ ಚೀಟಿಗಳನ್ನು ಹೊರಡಿಸಿದಾಗ ಈ ತಳಿಗೂ ಒಂದು ಚೀಟಿಯ ಗೌರವ ಸಂದಿತು.

ಇಷ್ಟು ದೀರ್ಘವಾದ ಈ ಚರಿತ್ರೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ನಾಯಿಯು ಎಂದೂ ಒಂಟಿಯಾಗಿ ಬಾಳಿದ ಪ್ರಾಣಿಯಲ್ಲ. ತೋಳವಾಗಿದ್ದಾಗ ಅದಕ್ಕೆ ಗುಂಪು ಇತ್ತು. ಕುರಿಗಾರನ ಬಳಿ ಹಿಂಡು ಇತ್ತು. ಕೂಡುಕುಟುಂಬದ ಅಂಗಳದಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಈಗ ಮನೆಗಳು ಚಿಕ್ಕವಾಗಿವೆ. ತಂದೆತಾಯಿಗಳು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಟರೆ ಹತ್ತು ಗಂಟೆಗೆ ಬಿದ್ದ ಬೀಗ ಐದರವರೆಗೆ ತೆರೆಯುವುದಿಲ್ಲ. ಒಳಗುಳಿದ ಮರಿ ಅಳುತ್ತದೆ. ನೆರೆಯವರು ದೂರುತ್ತಾರೆ. ಅದನ್ನು ಗದರಿಸುತ್ತಾರೆ, ಬಳಿಕ ಕಟ್ಟುತ್ತಾರೆ, ಬಳಿಕ ಹೊಡೆಯುತ್ತಾರೆ. ಕಡೆಗೊಂದು ದಿನ ಚೀಲದಲ್ಲಿ ಹಾಕಿ ಸಂತೆಯ ಬಯಲಿನಾಚೆ ಬಿಟ್ಟು ಬರುತ್ತಾರೆ. ಪ್ರೀತಿಯಿಂದ ತಂದ ಮರಿ ಬೀದಿಯ ಪಾಲಾಗುವುದು ಹೀಗೆ. ಅದರೊಡನೆ ಮನೆಯ ಮಗುವೂ ಒಂದು ಕ್ರೂರವಾದ ಪಾಠವನ್ನು ಕಲಿಯುತ್ತದೆ: ತೊಂದರೆ ಕೊಡುವ ಜೀವವನ್ನು ಎಸೆದುಬಿಡಬಹುದು ಎಂಬುದೇ ಆ ಪಾಠ. ಇದನ್ನು ತಪ್ಪಿಸುವ ಮಾರ್ಗ ಕಷ್ಟದ್ದಲ್ಲ, ತಾಳ್ಮೆಯದು. ಅದನ್ನಿಲ್ಲಿ ಕ್ರಮವಾಗಿ ವಿವರಿಸುತ್ತೇವೆ.

ಮರಿಯ ವಯಸ್ಸು ಮತ್ತು ಮನಸ್ಸು

ನಾಯಿಮರಿ ಹುಟ್ಟುವಾಗ ಕುರುಡು, ಕಿವುಡು. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ. ಮೂರನೆಯ ವಾರದ ಹೊತ್ತಿಗೆ ಕಿವಿ ಕೇಳತೊಡಗುತ್ತದೆ. ಅಲ್ಲಿಂದ ಹನ್ನೆರಡನೆಯ ವಾರದವರೆಗಿನ ಕಾಲವು ಅದರ ಸ್ವಭಾವವು ರೂಪುಗೊಳ್ಳುವ ಕಾಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಹುಕಾಲ ನಾಯಿಗಳನ್ನು ಅಭ್ಯಸಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಲದ ಮಹತ್ವವನ್ನು ತೋರಿಸಿಕೊಟ್ಟರು. ಈ ವಾರಗಳಲ್ಲಿ ಮರಿಯು ಯಾರೊಡನೆ ಕಲೆತು ಬೆಳೆಯುವುದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ.

ಆದರೂ ಅವಸರದಿಂದ ತಾಯಿಯಿಂದ ಬಿಡಿಸಬಾರದು. ಒಡಹುಟ್ಟಿದವುಗಳೊಡನೆ ಆಡುವಾಗಲೇ ಅದು ಹಲ್ಲನ್ನು ಹಿಡಿತದಲ್ಲಿಡಲು ಕಲಿಯುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ನಮ್ಮ ದೇಶದಲ್ಲಿ 2017ರ ನಿಯಮಗಳೇ ವಿಧಿಸಿವೆ. ಪುಕ್ಕಟೆಯಾಗಿ ದೊರೆತ ಬೀದಿನಾಯಿಯ ಮರಿಗೂ ಈ ಎಂಟು ವಾರಗಳ ಲೆಕ್ಕವೇ ಸಲ್ಲುತ್ತದೆ.

ಎಂಟು ವಾರದ ಈ ಜೀವವು ಹೊಸ ಮನೆಗೆ ಬಂದ ದಿನ ಏನನ್ನು ಕಳೆದುಕೊಂಡಿದೆಯೆಂಬುದನ್ನು ಊಹಿಸಿರಿ. ತಾಯಿಯ ಮೈಯ ಬಿಸಿ ಇಲ್ಲ. ಅಣ್ಣತಮ್ಮಂದಿರ ರಾಶಿಯಲ್ಲಿ ಮಲಗುವ ಸುಖವಿಲ್ಲ. ಪರಿಚಿತ ವಾಸನೆ ಒಂದೂ ಇಲ್ಲ. ಕಾಡಿನಲ್ಲಿ ಹಿಂಡಿನಿಂದ ತಪ್ಪಿದ ಮರಿ ಕೂಗದಿದ್ದರೆ ಬದುಕಲಾರದು. ಕೂಗಿದರೆ ತಾಯಿ ಬಂದು ಹುಡುಕುತ್ತಾಳೆ. ಆದುದರಿಂದ ಮರಿಯ ಅಳು ಹಟವಲ್ಲ, ಚೇಷ್ಟೆಯಲ್ಲ; ಅದು ಪ್ರಕೃತಿ ಅದಕ್ಕೆ ಕೊಟ್ಟ ರಕ್ಷೆ. ಈ ಒಂದು ಮಾತು ಮನಸ್ಸಿಗೆ ಒಪ್ಪಿದರೆ ಮುಂದಿನ ಕೆಲಸ ಅರ್ಧ ಮುಗಿದಂತೆಯೇ.

ಮೊದಲ ರಾತ್ರಿಗಳು

ಮರಿಯನ್ನು ತರುವಾಗ ತಾಯಿಯ ಹಾಸಿಗೆಯ ಒಂದು ಹಳೆಯ ಬಟ್ಟೆಯನ್ನೂ ಕೇಳಿ ತರುವುದು ಒಳ್ಳೆಯದು. ವಾಸನೆಯೇ ನಾಯಿಯ ಮುಖ್ಯ ಭಾಷೆ. ಗಾಳಿಯ ಸೆಳೆತವಿಲ್ಲದ ಮೂಲೆಯಲ್ಲಿ ಒಂದು ಪೆಟ್ಟಿಗೆಯನ್ನೋ ಅಗಲವಾದ ಬುಟ್ಟಿಯನ್ನೋ ಇಟ್ಟು, ಗೋಣಿಯ ಮೇಲೆ ಆ ಬಟ್ಟೆಯನ್ನು ಹಾಸಬೇಕು. ಮೊದಲ ಕೆಲವು ರಾತ್ರಿ ಈ ಪೆಟ್ಟಿಗೆ ಮನೆಯವರು ಮಲಗುವ ಸ್ಥಳದ ಸಮೀಪದಲ್ಲಿಯೇ ಇರಲಿ. ಅತ್ತಾಗ ಕೈ ಚಾಚಿ ಮುಟ್ಟಿದರೆ ಸಾಕು. ಮರಿ ಹೆದರಿಕೆಯಿಲ್ಲದೆ ಮಲಗತೊಡಗಿದ ಮೇಲೆ ದಿನಕ್ಕೆ ಒಂದೆರಡು ಮೊಳದಂತೆ ಪೆಟ್ಟಿಗೆಯನ್ನು ಸರಿಸುತ್ತ, ಅದು ಮುಂದೆ ಮಲಗಬೇಕಾದ ಸ್ಥಳಕ್ಕೆ ಮುಟ್ಟಿಸಬೇಕು.

ರಾತ್ರಿಯ ಅಳುವಿಗೆ ಮೂತ್ರದ ಅವಸರವೂ ಕಾರಣವಾಗಿರಬಹುದು. ಒಮ್ಮೆ ಎದ್ದು ಮಾತಿಲ್ಲದೆ, ಆಟವಿಲ್ಲದೆ ಅಂಗಳಕ್ಕೆ ಕರೆದೊಯ್ದು ಮರಳಿ ಮಲಗಿಸಬೇಕು. ಕತ್ತಲೆಯ ಕೊಟ್ಟಿಗೆಯಲ್ಲಿ ಹಾಕಿ ಬಾಗಿಲು ಮುಚ್ಚಿ, ಅತ್ತತ್ತು ಸುಮ್ಮನಾಗಲೆಂದು ಬಿಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹಾಗೆ ಬಿಟ್ಟ ಮರಿ ಕಡೆಗೆ ಸುಮ್ಮನಾಗುವುದು ದಣಿವಿನಿಂದ, ಧೈರ್ಯದಿಂದಲ್ಲ. ಒಳಗೆ ಕುಳಿತ ಭಯವು ಮುಂದೆ ಬೇರೆ ರೂಪದಲ್ಲಿ ಹೊರಬರುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ ಏಕಾಂತದ ಅಭ್ಯಾಸ

ರಷ್ಯದ ವಿಜ್ಞಾನಿ ಪಾವ್ಲೋವನ ಪ್ರಯೋಗಗಳನ್ನು ಶಿಕ್ಷಣಶಾಸ್ತ್ರ ಓದಿದವರೆಲ್ಲ ಬಲ್ಲರು. 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈತನು, ಆಹಾರದ ಮುನ್ಸೂಚನೆಯಾಗಿ ಕೇಳಿಸಿದ ಶಬ್ದಕ್ಕೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದನು. ನಮ್ಮ ಮನೆಯ ಮರಿಯೂ ಇದೇ ರೀತಿಯಲ್ಲಿ ಕಲಿಯುತ್ತದೆ. ಬೀಗದ ಕೈಯ ಸಪ್ಪಳ, ಚಪ್ಪಲಿಯ ಸದ್ದು, ಶಾಲೆಯ ಚೀಲ ಹೆಗಲೇರುವುದು, ಇವು ಅಗಲಿಕೆಯ ಮುನ್ಸೂಚನೆಗಳಾಗಿ, ಬಾಗಿಲು ಮುಚ್ಚುವ ಮುನ್ನವೇ ಅದು ನಡುಗತೊಡಗುತ್ತದೆ. ಇಲ್ಲಿ ನಮ್ಮ ಕೆಲಸ ಎರಡು: ಸೂಚನೆಗಳ ಭಯವನ್ನು ಕಳೆಯುವುದು, ಒಂಟಿಯಾಗಿರುವ ಹೊತ್ತನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು.

ಮೊದಲನೆಯದಕ್ಕೆ, ದಿನದಲ್ಲಿ ಹಲವು ಸಲ ಬೀಗದ ಕೈಯನ್ನು ತೆಗೆದುಕೊಂಡು ಸುಮ್ಮನೆ ಕುಳಿತುಕೊಳ್ಳಿರಿ. ಚಪ್ಪಲಿ ಮೆಟ್ಟಿ ಅಡಿಗೆಮನೆಗೆ ಹೋಗಿ ಬನ್ನಿರಿ. ಕೆಲವು ದಿನಗಳಲ್ಲಿ ಆ ಸದ್ದುಗಳ ಅರ್ಥ ಅಳಿದುಹೋಗುತ್ತದೆ.

ಎರಡನೆಯದಕ್ಕೆ, ಮರಿ ಆಡಿ, ಉಂಡು, ಅಂಗಳಕ್ಕೆ ಹೋಗಿ ಬಂದು ತೂಕಡಿಸುವ ಸಮಯವನ್ನು ಆರಿಸಿರಿ. ಕಡಿಯಲು ಒಂದು ಗಟ್ಟಿ ರಬ್ಬರಿನ ಆಟಿಕೆಯನ್ನು ಕೊಟ್ಟು ಬಾಗಿಲಿನಾಚೆ ಹೋಗಿ, ಐದು ಎಣಿಸುವಷ್ಟರಲ್ಲಿ ಮರಳಿ ಬನ್ನಿರಿ. ಅದು ಅಳುವ ಮೊದಲೇ ಮರಳುವುದು ಮುಖ್ಯ. ಬಳಿಕ ಅರ್ಧ ನಿಮಿಷ, ಒಂದು ನಿಮಿಷ, ಐದು, ಹತ್ತು, ಇಪ್ಪತ್ತು ನಿಮಿಷ. ಪ್ರತಿ ಸಲವೂ ಹೆಚ್ಚಿಸುತ್ತಲೇ ಹೋಗದೆ ನಡುನಡುವೆ ಚಿಕ್ಕ ಅವಧಿಗಳನ್ನೂ ಸೇರಿಸಬೇಕು. ಮರಿ ಅತ್ತರೆ ಅದು ತಪ್ಪು ಮಾಡಿತೆಂದಲ್ಲ. ನಾವಿಟ್ಟ ಮೆಟ್ಟಿಲು ಎತ್ತರವಾಯಿತೆಂದು ಅರ್ಥ. ಮರುದಿನ ಎರಡು ಮೆಟ್ಟಿಲು ಕೆಳಗಿಳಿದು ಪುನಃ ಏರಬೇಕು. ಗಣಿತದಲ್ಲಿ ಕೂಡಿಸುವುದು ಬಾರದ ಬಾಲಕನಿಗೆ ಗುಣಾಕಾರವನ್ನು ಹೇರುವ ಶಿಕ್ಷಕನು ಯಾರನ್ನು ದೂರಬೇಕು?

ಹೋಗುವಾಗ ಅಪ್ಪಿ ಮುದ್ದಾಡಿ ಬೀಳ್ಕೊಳ್ಳುವುದೂ, ಬಂದಾಗ ಸಂಭ್ರಮದಿಂದ ಕುಣಿಯುವುದೂ ಬೇಡ. ಹೋಗಿಬರುವುದು ಸಾಮಾನ್ಯ ಸಂಗತಿಯೆಂಬಂತೆ ನಾವು ನಡೆದರೆ ಮರಿಯೂ ಹಾಗೆಯೇ ತಿಳಿಯುತ್ತದೆ. ನಾವು ಮನೆಯಲ್ಲಿದ್ದಾಗಲೂ ಅದು ಕೆಲವು ಹೊತ್ತು ತನ್ನ ಮೂಲೆಯಲ್ಲಿ ತಾನಿರುವುದನ್ನು ರೂಢಿಸಬೇಕು.

ಎಷ್ಟು ಹೊತ್ತು ಬಿಡಬಹುದು?

ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಅದು ಹಗಲಿನಲ್ಲಿ ಮೂತ್ರವನ್ನು ತಡೆದಿರಬಲ್ಲ ಗರಿಷ್ಠ ತಾಸುಗಳು ದೊರೆಯುತ್ತವೆಂಬ ಸ್ಥೂಲವಾದ ಲೆಕ್ಕವೊಂದಿದೆ. ಎರಡು ತಿಂಗಳ ಮರಿಗೆ ಮೂರು ತಾಸೇ ಮೇರೆ; ಅನೇಕ ಮರಿಗಳಿಗೆ ಅಷ್ಟೂ ಆಗದು. ಈ ವಯಸ್ಸಿನಲ್ಲಿ ದಿನಕ್ಕೆ ನಾಲ್ಕು ಸಲ ಆಹಾರವೂ ಬೇಕು. ಹೀಗಿರಲು ಹತ್ತರಿಂದ ಐದರವರೆಗೆ ಬೀಗ ಹಾಕುವ ಮನೆಗೆ, ನಡುವೆ ಬಂದು ನೋಡುವ ಅಜ್ಜಿಯೋ ನೆರೆಯವರೋ ಇಲ್ಲದಿದ್ದರೆ, ಎಳೆಯ ಮರಿಯನ್ನು ತರದಿರುವುದೇ ದಯೆ.

ಬೇಸಿಗೆ ಅಥವಾ ದೀಪಾವಳಿಯ ರಜೆಯ ಆರಂಭದಲ್ಲಿ ಮರಿಯನ್ನು ತರುವುದು ಅನುಕೂಲವೇ. ಆದರೆ ಇಲ್ಲೊಂದು ಅಪಾಯವುಂಟು. ರಜೆಯುದ್ದಕ್ಕೂ ಮಕ್ಕಳು ಅದನ್ನು ತೊಡೆಯಿಂದಿಳಿಸದೆ ಬೆಳೆಸಿ, ಶಾಲೆ ತೆರೆದ ದಿನ ಒಮ್ಮೆಗೇ ಬಿಟ್ಟುಹೋದರೆ ಅದಕ್ಕೆ ಆಕಾಶವೇ ಕಳಚಿ ಬಿದ್ದಂತಾಗುತ್ತದೆ. ಮೇಲೆ ಹೇಳಿದ ಅಭ್ಯಾಸವನ್ನು ರಜೆಯ ಮೊದಲ ವಾರದಿಂದಲೇ ತೊಡಗಬೇಕು.

ಮಾಡಬಾರದ ಕೆಲಸಗಳು

ಮನೆಗೆ ಮರಳಿದಾಗ ಚಪ್ಪಲಿ ಹರಿದಿರಬಹುದು, ನೆಲ ಒದ್ದೆಯಾಗಿರಬಹುದು. ಆಗ ಶಿಕ್ಷಿಸುವುದು ವ್ಯರ್ಥ. ಗಂಟೆಯ ಹಿಂದೆ ಮಾಡಿದ ಕೆಲಸಕ್ಕೂ ಈಗ ಬಿದ್ದ ಪೆಟ್ಟಿಗೂ ಮರಿ ಸಂಬಂಧ ಕಲ್ಪಿಸಲಾರದು. ಯಜಮಾನ ಬಂದರೆ ಪೆಟ್ಟು ಬೀಳುತ್ತದೆ ಎಂದಷ್ಟೇ ಕಲಿಯುತ್ತದೆ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿರಿ’ ಎನ್ನುವವರುಂಟು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಪರೀಕ್ಷಿಸಿತು. ನಾಯಿಗಳು ಆ ಮುಖವನ್ನು ತೋರಿದ್ದು ಯಜಮಾನರು ಗದರಿದಾಗ. ನಿಜವಾಗಿ ತಪ್ಪು ಮಾಡಿದ್ದವೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನಾವು ಪಶ್ಚಾತ್ತಾಪವೆಂದು ಓದಿದ್ದು ಕೇವಲ ಭಯ.

ಒಂಟಿಯಾಗಿರುವ ಮರಿಯ ಕೊರಳಿಗೆ ಹಗ್ಗ ಬಿಗಿಯಬಾರದು. ಸುತ್ತಿಕೊಂಡರೆ ಪ್ರಾಣಕ್ಕೇ ಸಂಚಕಾರ. ನಾಯಿಯನ್ನು ಅತಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದೂ, ಸದಾ ಕಟ್ಟಿದ ನಾಯಿಗೆ ಅಡ್ಡಾಟ ಕೊಡದಿರುವುದೂ 1960ರ ಪ್ರಾಣಿಹಿಂಸಾ ನಿವಾರಣೆಯ ಕಾನೂನಿನ ಪ್ರಕಾರ ಅಪರಾಧ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗಲಾರದು. ನಾಲಗೆ ಚಾಚಿ ತೇಗಿಯೇ ಶಾಖವನ್ನು ಹೊರಹಾಕಬೇಕು. ಆದ್ದರಿಂದ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೆಳಗೆ ಅದನ್ನು ಕೂಡಿಹಾಕುವುದು ಕೊಲೆಗೆ ಸಮಾನ. ನೆರಳು, ಗಾಳಿ, ಮಗುಚದ ಪಾತ್ರೆಯಲ್ಲಿ ನೀರು ಇರಲೇಬೇಕು. ಬೇಯಿಸಿದ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ದ್ರಾಕ್ಷಿ, ಚಾಕೋಲೇಟು ನಾಯಿಗೆ ವಿಷ. ಇವು ಅದರ ಬಾಯಿಗೆ ಸಿಗದಂತಿರಲಿ.

ಎಲ್ಲ ಅಳುವೂ ಒಂಟಿತನದ್ದಲ್ಲವೆಂಬುದನ್ನೂ ನೆನಪಿಡಬೇಕು. ಮರಿ ಉಣ್ಣದೆ ಮಂಕಾಗಿದ್ದು, ವಾಂತಿ ಅಥವಾ ರಕ್ತಭೇದಿ ಮಾಡಿದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೂರು ತಿಂಗಳ ಹೊತ್ತಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಆಟದಲ್ಲಿ ಹಲ್ಲು ತಾಗಿದರೂ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಅರಿಸಿನ, ಖಾರ ಮೆತ್ತಬಾರದು. ಹೇಳಿದಂತೆ ಅಭ್ಯಾಸ ಮಾಡಿಸಿದರೂ ನಾಯಿಯು ಒಂಟಿಯಾದಾಗ ಜೊಲ್ಲು ಸುರಿಸಿ, ಬಾಗಿಲು ಕೆರೆದು ತನ್ನನ್ನೇ ಗಾಯಪಡಿಸಿಕೊಂಡರೆ ಅದೊಂದು ವ್ಯಾಧಿ. ಅದಕ್ಕೂ ಪಶುವೈದ್ಯರ ಸಲಹೆ ಬೇಕು.

ಉಪಸಂಹಾರ

ಜೂನಿನಲ್ಲಿ ಒಂದನೆಯ ಇಯತ್ತೆಗೆ ಮಕ್ಕಳು ಬರುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಮೊದಲ ದಿನ ತಾಯಿ ಪಡಸಾಲೆಯಲ್ಲಿ ಕುಳಿತಿರಬೇಕು. ಮೂರನೆಯ ದಿನ ಗೇಟಿನವರೆಗೆ. ವಾರದ ಬಳಿಕ ಗಂಟೆ ಬಾರಿಸಿದಾಗ ಬಂದರೆ ಸಾಕು. ಮಗು ಅಳುವುದನ್ನು ನಿಲ್ಲಿಸುವುದು ತಾಯಿಯನ್ನು ಮರೆತುದರಿಂದಲ್ಲ. ಆಕೆ ತಪ್ಪದೆ ಬರುತ್ತಾಳೆಂದು ಅರಿತುದರಿಂದ. ನಾಯಿಮರಿಗೆ ಕಲಿಸಬೇಕಾದ ಮೊದಲ ಪಾಠವೂ ಇದೇ. ಕೂಡು, ಏಳು, ಕೈ ಕೊಡು ಎಂಬುವೆಲ್ಲ ಆಮೇಲಿನವು. ಹೋದವರು ಮರಳಿ ಬರುತ್ತಾರೆಂಬ ವಿಶ್ವಾಸ ಅದಕ್ಕೆ ಹುಟ್ಟಬೇಕು. ಅದನ್ನು ಹುಟ್ಟಿಸಬೇಕಾದರೆ ನಾವು ನಿಜವಾಗಿಯೂ ಹೊತ್ತಿಗೆ ಸರಿಯಾಗಿ ಮರಳಬೇಕು.

ಅಭ್ಯಾಸ

1. ಹೊಸ ಮರಿಯ ಅಳುವನ್ನು ಹಟವೆನ್ನುವುದು ಏಕೆ ಸರಿಯಲ್ಲ?
2. ನಿಮ್ಮ ಮನೆಯವರು ಹೊರಡುವ ಮುನ್ನ ಮಾಡುವ ಕೆಲಸಗಳನ್ನು ಪಟ್ಟಿ ಮಾಡಿರಿ. ಅವುಗಳಲ್ಲಿ ಮರಿಗೆ ಮುನ್ಸೂಚನೆಯಾಗುವವು ಯಾವುವು?
3. ಮೂರು ತಿಂಗಳ ಮರಿಯನ್ನು ಹೆಚ್ಚೆಂದರೆ ಎಷ್ಟು ತಾಸು ಬಿಡಬಹುದು? ಲೆಕ್ಕ ಮಾಡಿರಿ.
4. ಮನೆಯಲ್ಲಿ ಮರಿಯಿರುವವರು ಹದಿನೈದು ದಿನ ಒಂದು ವಹಿಯಲ್ಲಿ ಬರೆದಿಡಿರಿ: ಎಷ್ಟು ಹೊತ್ತು ಬಿಟ್ಟಿರಿ, ಅತ್ತಿತೋ ಇಲ್ಲವೋ, ಮರುದಿನ ಏನು ಬದಲಿಸಿದಿರಿ. ವಹಿಯನ್ನು ವಿಜ್ಞಾನದ ಶಿಕ್ಷಕರಿಗೆ ತೋರಿಸಿರಿ.